ನಾಳೆ ಎಷ್ಟಾಣೆ ಹಿಮ

ನಮ್ಮ ಊರಿನಲ್ಲಿ ಯಾರಿಗಾದರೂ ಬಿರುಸಿನ ಮಾತು ಹೇಳುವುದಿದ್ದರೆ ಮೊದಲು ಅವರನ್ನು ಅಂಗಳಕ್ಕೆ ಕರೆಯುತ್ತಾರೆ. ‘ಸ್ವಲ್ಪ ಹೊರಗ ಬರ್ರಿ’ ಎಂದರೆ ಸಾಕು, ಎದುರಿನವರ ಎದೆ ಧಸಕ್ಕೆನ್ನುತ್ತದೆ. ಮಗ ನಪಾಸಾದದ್ದನ್ನು ಅಪ್ಪ ಕೇಳುವುದು ಅಂಗಳದಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಸೊಸೆಗೆ ಹೇಳುವುದು ಅಂಗಳದಲ್ಲಿ, ಗಂಡಿನ ಕಡೆಯವರು ಹೆಣ್ಣು ಒಪ್ಪಿಗೆಯಿಲ್ಲ ಎನ್ನುವುದೂ ಅಂಗಳದಲ್ಲಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ. ಸೂರಿನ ಕೆಳಗೆ ಒಬ್ಬರಿಗೆ ನಾಚಿಕೆಯಾಯಿತೋ, ಬೆಳಗಾಗುವಷ್ಟರಲ್ಲಿ ಆ ಸೂರಿನ ಮೇಲೆ ಹಿಮ ಬಿದ್ದಿರುತ್ತದೆ. ಸಣ್ಣ ನಾಚಿಕೆಗೆ ಹಿಟ್ಟು ಜರಡಿ ಹಿಡಿದಷ್ಟು, ದೊಡ್ಡದಕ್ಕೆ ಗೇಣುಗಟ್ಟಲೆ. ಪಕ್ಕದ ಮನೆಯ ಹೆಂಚಿನ ಮೇಲೆ ಒಂದು ಹಳಕೂ ಇರುವುದಿಲ್ಲ. ಬಯಲಿನಲ್ಲಿ ಎಷ್ಟು ಬೇಕಾದರೂ ನಾಚಬಹುದು, ಅದಕ್ಕೆ ಲೆಕ್ಕವಿಲ್ಲ.

ನಮ್ಮ ಮನೆಯ ಮಾಡಿನ ಮೇಲೆ ಮಾತ್ರ ಹೆಚ್ಚುಕಡಿಮೆ ದಿನವೂ ಬೀಳುತ್ತಿತ್ತು. ಕಾರಣ ನಾನು. ಹಾಲಿನವನು ಬರುವ ಮೊದಲೇ ಅಪ್ಪ ಉದ್ದನೆಯ ಗಳಕ್ಕೆ ಕಸಬರಿಗೆ ಕಟ್ಟಿಕೊಂಡು ಅದನ್ನೆಲ್ಲ ಹಿತ್ತಲಿಗೆ ದೂಡಿಬಿಡುತ್ತಿದ್ದ. ಹಾಗಾಗಿ ಊರಿಗೆ ಗೊತ್ತಿರಲಿಲ್ಲ. ಅವ್ವ ಚಹಾ ಕೊಡುತ್ತ ಕೇಳುವಳು, “ನಿನ್ನೆ ಏನ ಮಾಡಿದ್ಯವಾ ಮತ್ತ?”

“ಏನಿಲ್ಲ. ಬಳಿಗಾರ ಯಾವ ಬಣ್ಣ ಬೇಕು ಅಂತ ಕೇಳಿದ. ನಾನು ಬಳಿ ಅಳತಿ ಹೇಳಿದ್ನಿ, ಎರಡೂವರಿ ಅಂತ.”

“ಅಷ್ಟಕ್ಕ ಇಷ್ಟು ಹಿಮಾನಾ? ನಿಮ್ಮಪ್ಪನ ತೋಳು ಬಿದ್ದು ಹೋದಾವು ನೋಡು!”

ಅವ್ವ ನಗುತ್ತಿದ್ದಳು. ಆದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಬಳೆಗಾರ ಹೋದ ಮೇಲೂ ಇಡೀ ಸಂಜೆ ನಾನು ಆ ‘ಎರಡೂವರಿ’ಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಪ್ರತಿ ಸಲವೂ ಹೊಸದಾಗಿ ಬೆವರುತ್ತ ಕೂತಿದ್ದೆನೆಂದು. ಸಂಖ್ಯಾಶಾಸ್ತ್ರ ಓದಿ ಪದವಿ ಪಡೆದಿದ್ದೆ. ದಿನಚರಿ ಬರೆಯುವುದು, ಯಾರಾದರೂ ಮನೆಗೆ ಬಂದರೆ ಒಳಕೋಣೆಗೆ ಸರಿಯುವುದು, ಇವೆರಡು ಬಿಟ್ಟರೆ ನನಗೆ ಕೆಲಸವಿರಲಿಲ್ಲ.

ಶಾಲೆಯ ಹೆಡ್‌ಮಾಸ್ತರು ವಿರೂಪಣ್ಣನವರು ಒಂದು ದಿನ ನಮ್ಮ ಮನೆಗೆ ಬಂದು ಅಪ್ಪನನ್ನು ಅಂಗಳಕ್ಕೆ ಕರೆದರು. ನನಗೆ ಗಾಬರಿಯಾಯಿತು. ಅಪ್ಪ ನಗುತ್ತ ಒಳಗೆ ಬಂದು, “ನೀಲಾಂಬಿಕಾ, ನಿನಗ ಸಾಲಿಯೊಳಗ ಕೆಲಸಂತ” ಎಂದ. ಶಾಲೆಯಲ್ಲಿ ಅಂದಾಜು ಬರೆಯುತ್ತಿದ್ದ ಮಾಸ್ತರು ನಿವೃತ್ತರಾಗಿದ್ದರು. ಗಣಿತ ಕಲಿಸಬೇಕು, ಜೊತೆಗೆ ಸಂಜೆ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ನಾಳೆ ಹಿಮದಿಂದ ಶಾಲೆ ಮುಚ್ಚುವ ಸಂಭವ ಎಷ್ಟಾಣೆ ಎಂದು ಬರೆಯಬೇಕು. ಹದಿನಾರಾಣೆ ಎಂದರೆ ಶಾಲೆ ಖಂಡಿತ ಇಲ್ಲ. ಎರಡಾಣೆ ಎಂದರೆ ಹೆದರದೆ ಬರಬಹುದು. ಹಳ್ಳದ ಆಚೆಯ ಮಕ್ಕಳು ಅಷ್ಟು ದೂರ ನಡೆದು ಬರುವುದೋ ಬೇಡವೋ ಎಂದು ಮನೆಯವರು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು.

“ನನಗ್ಯಾಕ್ರಿ ಸರ್?” ಎಂದು ಬಾಗಿಲ ಸಂದಿನಿಂದ ಕೇಳಿದೆ.

“ನಾಚಿಕಿ ಅಂದ್ರ ಏನು ಅಂತ ಗೊತ್ತಿದ್ದವ್ರ ಬೇಕವಾ ಈ ಕೆಲಸಕ್ಕ” ಎಂದರು.

ಕೆಲಸ ನನಗೆ ಬಂತು, ಚೆನ್ನಾಗಿಯೇ ಬಂತು. ನಾನು ಜನರ ಮುಖ ನೋಡುವವಳಲ್ಲ, ಆದರೆ ಓರೆಗಣ್ಣಿನಲ್ಲಿ ಕಿವಿ ನೋಡುತ್ತೇನೆ. ಮುಖ ಸುಳ್ಳು ಹೇಳಬಹುದು, ಕಿವಿಗೆ ಆ ಕಲೆ ಬಾರದು. ಯಾವ ಹುಡುಗ ಕಾಪಿ ಹೊಡೆದು ಸಿಕ್ಕಿಬಿದ್ದ, ಯಾವ ಹುಡುಗಿಯ ಹರಿದ ಲಂಗವನ್ನು ಯಾರು ನೋಡಿ ನಕ್ಕರು, ಯಾವ ಮಾಸ್ತರು ಲೆಕ್ಕ ತಪ್ಪಿ ಕೆಮ್ಮಿದರು, ಎಲ್ಲ ಕೂಡಿಸಿ ಸಂಜೆ ಬರೆಯುತ್ತಿದ್ದೆ. ತರಗತಿಗಳ ಮಾಡು ಗಟ್ಟಿಯಾದದ್ದು, ಅಲ್ಲಿ ಬಿದ್ದರೆ ತೊಂದರೆಯಿಲ್ಲ. ಅಡುಗೆಕೋಣೆಯದೇ ಕಷ್ಟ. ಅದಕ್ಕೆ ಹಳೆಯ ತಗಡು. ಅದರ ಮೇಲೆ ಗೇಣು ಹಿಮ ಕೂತರೆ ಹೊಗೆಕಿಂಡಿ ಮುಚ್ಚಿ ಒಲೆ ಹೊತ್ತುವುದಿಲ್ಲ, ಏರಿ ಗುಡಿಸೋಣವೆಂದರೆ ತಗಡು ಆಳಿನ ಭಾರ ತಡೆಯುವುದಿಲ್ಲ, ಮಧ್ಯಾಹ್ನಕ್ಕೆ ತಾನಾಗಿ ಕರಗಬೇಕು. ಬಿಸಿಯೂಟವಿಲ್ಲದ ದಿನ ಶಾಲೆ ಇಲ್ಲ. ಇದು ನಿಯಮ. ಆದರೆ ಅಡುಗೆಕೋಣೆಯಲ್ಲಿ ನಾಚುವವರು ಯಾರು? ಅಲ್ಲಿ ಇದ್ದದ್ದು ಫಕೀರವ್ವ ಒಬ್ಬಳೇ. ಅವಳು ಬಾಯಿ ತುಂಬ ಬೈಯುತ್ತ, ತಟ್ಟೆ ತುಂಬ ಬಡಿಸುತ್ತ, ಯಾರಿಗೂ ತಲೆತಗ್ಗಿಸದೆ ಬದುಕಿದ ಹೆಂಗಸು. ಹಾಗಾಗಿ ನನ್ನ ಹಲಗೆಯ ಮೇಲೆ ಒಂದಾಣೆ, ಎರಡಾಣೆಯೇ ಹೆಚ್ಚು. ಊರು ನನ್ನನ್ನು ‘ಅಂದಾಜಿನ ಅಕ್ಕೋರು’ ಎನ್ನತೊಡಗಿತು. ಬೀದಿಯಲ್ಲಿ ಯಾರಾದರೂ ಹಾಗೆ ಕರೆದರೆ ನಾನು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದೆ.

ಆಗ ಶಾಲೆಗೆ ನೀರಿನ ಫಿಲ್ಟರ್ ಬಂತು. ಯಾರೋ ದಾನ ಕೊಟ್ಟದ್ದು, ಎದೆಮಟ್ಟ ಎತ್ತರದ ಹೊಳೆಯುವ ಡಬ್ಬ. ಅದನ್ನು ಅಡುಗೆಕೋಣೆಯಲ್ಲಿ ಇಟ್ಟು ಉದ್ಘಾಟನೆ ಇಟ್ಟುಕೊಂಡರು. ನನಗೆ ಅದು ಗೊತ್ತಿರಲಿಲ್ಲ, ಕೊನೆಯ ಪೀರಿಯಡ್ ಮುಗಿಸಿ ಓಡಿ ಬಂದು ಹಿಂದೆ ನಿಂತಿದ್ದೆ. ಎದುರಿಗೆ ಮಕ್ಕಳ ತಲೆಗಳು, ಅವುಗಳ ಮುಂದೆ ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದ ದೊಡ್ಡಮನಿ ಸರ್. ದೊಡ್ಡಮನಿ ಸರ್ ಎಂದರೆ ಶಾಲೆಯ ಸಾಮಾನು ಸರಂಜಾಮಿನ ಉಸ್ತುವಾರಿ ನೋಡುವ ಮಾಸ್ತರು. ಮಾತಿಗೆ ನಿಂತರೆ ಊರೇ ನಿಂತು ಕೇಳಬೇಕು.

“ಈ ವರ್ಷ ನಮ್ಮ ಶಾಲೆಗೆ ಹೊಸದಾಗಿ ಬಂದು, ಬಂದ ಸ್ವಲ್ಪೇ ದಿನಗಳಲ್ಲಿ ನಮ್ಮೆಲ್ಲರ ಅಚ್ಚುಮೆಚ್ಚಿಗೆ ಪಾತ್ರವಾದ...” ಎಂದು ಅವರು ಎಳೆದರು.

ಆ ವರ್ಷ ಹೊಸದಾಗಿ ಬಂದವಳು ನಾನೊಬ್ಬಳೇ. ಬೇಡ ಬೇಡ ಎಂದುಕೊಳ್ಳುತ್ತಲೇ ನನ್ನ ಕಾಲು ನಡೆದವು. ಮಕ್ಕಳು ದಾರಿ ಬಿಟ್ಟವು. ನಾನು ಸೆರಗು ಸರಿಮಾಡಿಕೊಂಡು ದೊಡ್ಡಮನಿ ಸರ್ ಮುಂದೆ ನಿಂತು ಕುತ್ತಿಗೆ ಬಗ್ಗಿಸಿದೆ. ಹಾರ ನನ್ನ ತಲೆಯ ಪಕ್ಕದಿಂದ ಹಾದು ಹಿಂದಿನ ಫಿಲ್ಟರಿನ ಕೊರಳಿಗೆ ಬಿತ್ತು.

ಒಂದು ಕ್ಷಣ ಯಾರೂ ನಗಲಿಲ್ಲ. ಅದೇ ಘೋರ. ಆಮೇಲೆ ದೊಡ್ಡಮನಿ ಸರ್, “ಅಕ್ಕೋರ, ಸ್ವಲ್ಪ ಸರೀರಿ, ನೀರು ಕುಡಿಯೋವ್ರಿಗೆ ಅಡ್ಡ ನಿಂತೀರಿ” ಎಂದರು. ಆಗ ಎಲ್ಲರೂ ತಗಡು ಹಾರಿಹೋಗುವ ಹಾಗೆ ನಕ್ಕರು.

ಆ ಸಂಜೆ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತೆ. ಎಲ್ಲರ ಕಿವಿ ಕೂಡಿಸಿದರೂ ಎರಡಾಣೆ ದಾಟುತ್ತಿರಲಿಲ್ಲ. ನನ್ನದನ್ನು ಸೇರಿಸಿದರೆ ಹದಿನಾಲ್ಕು. ಹದಿನಾಲ್ಕು ಬರೆದರೆ ಗೇಟಿನಲ್ಲಿ ನಿಂತ ತಾಯಂದಿರು ಕೇಳುತ್ತಾರೆ, ‘ಯಾರಿಗೆ ಏನಾತ್ರಿ ಇವತ್ತು?’ ನಾನು ಏನು ಹೇಳಲಿ? ನಾಚಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೆ ಇನ್ನಷ್ಟು ನಾಚಿಕೆ. ಎರಡಾಣೆ ಎಂದೇ ಬರೆದೆ.

ಬೆಳಿಗ್ಗೆ ಅಡುಗೆಕೋಣೆಯ ಮೇಲೆ ಗೇಣಿಗಿಂತ ಹೆಚ್ಚು ಹಿಮ. ನನ್ನ ಎರಡಾಣೆ ನಂಬಿ ಹಳ್ಳ ದಾಟಿ ಬಂದ ಮಕ್ಕಳು ಖಾಲಿ ತಟ್ಟೆ ಬಡಿಯುತ್ತ ಗೇಟಿನಲ್ಲಿ ನಿಂತಿದ್ದವು. ಏಳನೆಯ ತರಗತಿಯ ಸಾವಂತ್ರಿ ತನ್ನ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಂದಿದ್ದಳು. “ಇಕಿ ಮುಂಜಾನಿಂದ ಏನೂ ತಿಂದಿಲ್ರಿ ಅಕ್ಕೋರ, ಸಾಲ್ಯಾಗ ಉಣ್ಣೂಣು ಅಂತ ಕರಕೊಂಡ ಬಂದೆ” ಎಂದಳು. ನನ್ನ ಡಬ್ಬಿಯಲ್ಲಿದ್ದ ಅವಲಕ್ಕಿ ಕೊಟ್ಟೆ. ಉಳಿದವರಿಗೆ ಕೊಡಲು ಏನಿತ್ತು?

ಒಂದು ದಿನಕ್ಕೆ ಮುಗಿದಿದ್ದರೆ ಮರೆತುಹೋಗುತ್ತಿತ್ತು. ಆದರೆ ಮಾಸ್ತರರೆಲ್ಲ ಊಟ ಮಾಡುವುದು ಅಡುಗೆಕೋಣೆಯಲ್ಲಿ. ದೊಡ್ಡಮನಿ ಸರ್ ದಿನವೂ ಆ ಫಿಲ್ಟರಿನಿಂದ ಲೋಟ ತುಂಬಿಸಿಕೊಂಡು, “ಅಕ್ಕೋರ, ನಿಮ್ಮ ತಂಗಿ ನೀರು ಭಾಳ ತಣ್ಣಗ ಕೊಡತಾಳ್ರಿ” ಎನ್ನುವರು. ಎಲ್ಲರೂ ನಗುವರು. ನಾನೂ ಹಲ್ಲು ಬಿಡುವೆ. ಸೆರಗಿನ ಕೆಳಗೆ ನನ್ನ ಕಿವಿ ಸುಡುತ್ತಿರುತ್ತಿದ್ದವು. ಸಂಜೆ ಎರಡಾಣೆ. ಬೆಳಿಗ್ಗೆ ಗೇಣು ಹಿಮ. ಶಾಲೆಗೆ ಬಾಗಿಲು. ಒಂದು ದಿನ ನಡೆದರೆ ಮರುದಿನ ಮುಚ್ಚುತ್ತಿತ್ತು.

ಊರವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಅಂದಾಜಿನ ಅಕ್ಕೋರು ತಪ್ಪೂದಿಲ್ಲ” ಎಂದರು. “ಅವರ ಕಣ್ಣಿಗೂ ಬೀಳದಂಗ ಯಾರೋ ಮುಚ್ಚಿಟ್ಟಾರ. ಕಿವಿ ಸೈತ ಕೆಂಪಾಗಗೊಡೂದಿಲ್ಲ ಅಂದ್ರ ಅಂಥಾ ಗಟ್ಟಿ ಆಸಾಮಿ ಯಾರು?” ಹಿಮ ಯಾರ ಕೋಣೆಯ ಮೇಲೆ ಬೀಳುತ್ತಿದೆಯೋ ಅವರತ್ತ ಎಲ್ಲರ ಕಣ್ಣು ತಿರುಗಿತು. ಅದೇ ವಾರ ಅಡುಗೆಕೋಣೆಯಿಂದ ಎಣ್ಣೆಯ ಡಬ್ಬಿ ಕಾಣೆಯಾಗಿತ್ತು.

ವಿರೂಪಣ್ಣ ಸರ್ ಕೆಟ್ಟವರಲ್ಲ. ಎರಡು ದಿನ ಹಿಂದೆ ಮುಂದೆ ನೋಡಿ, ಊಟದ ಹೊತ್ತು ಮುಗಿದ ಮೇಲೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದರು. ನಾವೆಲ್ಲ ಕೈತೊಳೆದು ಏಳುತ್ತಿದ್ದೆವು.

“ಫಕೀರವ್ವ, ಸ್ವಲ್ಪ ಅಂಗಳಕ್ಕ ಬಾ.”

ಫಕೀರವ್ವ ಕಡಾಯಿ ತಿಕ್ಕುತ್ತಿದ್ದವಳು ತಿಕ್ಕುತ್ತಲೇ ಇದ್ದಳು. “ಯಾಕ್ರಿ?”

“ಬಾ ಅಂದ್ನೆಲ್ಲ.”

“ನನಗ ಗೊತ್ತೈತ್ರಿ ಯಾಕಂತ. ಎಣ್ಣಿ ಡಬ್ಬಿದ್ದು ಕೇಳಾಕ. ಇಲ್ಲೇ ಕೇಳ್ರಿ.”

“ಬ್ಯಾಡವಾ. ನಿನಗ ಒಳ್ಳೇದಲ್ಲ. ಬಯಲಿಗೆ ಬಾ.”

“ನಾ ಯಾಕ ಬಯಲಿಗೆ ಬರಲಿ? ಕದ್ದವ್ರು ಬರಲಿ ಬಯಲಿಗೆ. ಇದು ನಾ ಒಲಿ ಹಚ್ಚೂ ಜಾಗಾ. ಕೇಳೂದಿದ್ರ ಇದರ ಕೆಳಗ ನಿಂತು ಕೇಳ್ರಿ.”

ಯಾರೂ ಇದುವರೆಗೆ ಹಾಗೆ ಹೇಳಿದ್ದು ನಾನು ಕೇಳಿರಲಿಲ್ಲ. ಅಂಗಳಕ್ಕೆ ಕರೆಯುವುದು ದಯೆ. ಹೆಡ್‌ಮಾಸ್ತರು ನೆಲ ನೋಡುತ್ತ ಕೇಳಿದರು, “ನೀ ಒಯ್ದಿಯೇನು?”

“ಇಲ್ಲ” ಎಂದಳು ಫಕೀರವ್ವ. ಕಡಾಯಿಯನ್ನು ಬೋರಲು ಹಾಕಿದಳು.

ಕಿಟಕಿಯ ತುಂಬ ಮಕ್ಕಳ ಮುಖಗಳು. ವಿರೂಪಣ್ಣ ಸರ್ ನನ್ನತ್ತ ತಿರುಗಿದರು. “ಅಕ್ಕೋರ, ನೀವ ನೋಡ್ರಿ. ನಾಳೆ ಇದರ ಮ್ಯಾಲ ಎಷ್ಟಾಣೆ?”

ನಾನು ಫಕೀರವ್ವನ ಕಿವಿ ನೋಡಿದೆ. ಬೆಂಡೋಲೆ ಜೋತಿದ್ದ ಆ ಕಿವಿಗಳು ದಿನವೂ ಇರುವಂತೆಯೇ ಇದ್ದವು. ಒಂದು ಕಾಸಿನಷ್ಟೂ ಅಲ್ಲಿ ಇರಲಿಲ್ಲ. ಇದ್ದದ್ದೆಲ್ಲ ನನ್ನಲ್ಲಿತ್ತು, ಅದೂ ಆ ಗಳಿಗೆಯಲ್ಲಿ ನಿಂತಲ್ಲೇ ಹೆಚ್ಚುತ್ತಿತ್ತು. ‘ಸರ್, ಅದು ನಂದು’ ಎಂಬ ಮೂರು ಮಾತು ನಾಲಿಗೆಯ ತುದಿಗೆ ಬಂದವು. ಅದರ ಹಿಂದೆಯೇ ಹಾರ ಬಂತು, ಬಗ್ಗಿಸಿದ ಕುತ್ತಿಗೆ ಬಂತು, ದೊಡ್ಡಮನಿ ಸರ್ ನಗು ಬಂತು. ಮಾತು ಒಳಗೇ ಹೋಯಿತು. ನಾನು ಹೊರಗೆ ಓಡಿ, ಹಲಗೆಯ ಮೇಲೆ ಹದಿನಾರಾಣೆ ಎಂದು ಬರೆದು, ಮನೆಗೆ ಹೋದೆ.

ಸುಳ್ಳು ಬರೆಯಲಿಲ್ಲವಲ್ಲ ಎಂದು ದಾರಿಯಲ್ಲಿ ಸಮಾಧಾನ ಹೇಳಿಕೊಂಡೆ. ಮೊದಲ ಸಲ ನನ್ನನ್ನೂ ಸೇರಿಸಿ ಬರೆದಿದ್ದೆ. ಅದನ್ನು ಊರು ಹೇಗೆ ಓದಿಕೊಳ್ಳುತ್ತದೆ ಎಂದು ನನಗೆ ಹೊಳೆದದ್ದು ಬೆಳಿಗ್ಗೆ ಗೇಟಿನ ಮುಂದೆ ಜನ ಸೇರಿದ್ದನ್ನು ನೋಡಿದಾಗ. ಅಡುಗೆಕೋಣೆ ಕಾಣುತ್ತಲೇ ಇರಲಿಲ್ಲ, ಬಾಗಿಲ ಅರ್ಧದವರೆಗೆ ಹಿಮ ಜಾರಿತ್ತು. “ಅಕ್ಕೋರು ನಿನ್ನೇನ ಹೇಳಿದ್ರು ನೋಡ್ರಿ. ಆಕಿ ಮುಖಾ ನೋಡಿದವ್ರ ಹದಿನಾರಾಣೆ ಬರದ್ರು” ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಫಕೀರವ್ವ ತನ್ನ ಸೌಟು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಶಾಲೆಯ ಸೌಟು ಚಿಕ್ಕದೆಂದು ಮನೆಯಿಂದ ತಂದಿಟ್ಟದ್ದು ಅದು. ನನ್ನನ್ನು ನೋಡಿದಳು. ಬೈಯಲಿಲ್ಲ.

“ಸರ್” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. “ಸರ್, ಅದು ಅವರದಲ್ರಿ. ನಂದು.”

“ಏನು ನಿಮ್ಮದು?”

“ಹಿಮ.”

ಹಾರದ ಕತೆ ಹೇಳಿದೆ. ಎಲ್ಲರೂ ಕಣ್ಣಾರೆ ಕಂಡ ಕತೆಯನ್ನು ಅವರಿಗೇ ಹೇಳುವುದೆಂದರೆ ಏನು ಎಂದು ಹೇಗೆ ಬರೆಯಲಿ. ಮುಗಿಸುವ ಮೊದಲೇ ನಗು ಶುರುವಾಯಿತು.

“ಒಂದು ಹಾರಕ್ಕ ಇಷ್ಟು ಹಿಮಾನಾ!” ಎಂದರು ದೊಡ್ಡಮನಿ ಸರ್. “ಹಂಗಿದ್ರ ನಮ್ಮ ಮನಿ ಈಟೊತ್ತಿಗೆ ಮುಳುಗೇ ಹೋಗತಿತ್ತ್ರಿ. ಅಕ್ಕೋರ ಮನಸ್ಸು ಬೆಣ್ಣಿ. ಮುದುಕಿ ಅನ್ನಾ ಉಳಸಾಕ ತಮ್ಮ ಮ್ಯಾಲ ಹಾಕ್ಕೋತಾರ.”

ಗೇಟಿನಲ್ಲಿದ್ದ ಹೆಂಗಸರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಭೂಮಿ ಬಿರಿಯಬಾರದೇ ಅನಿಸಿತು. ವಿರೂಪಣ್ಣ ಸರ್ ಮಾತ್ರ ಗಲ್ಲ ತುರಿಸಿಕೊಂಡು ಯೋಚಿಸಿದರು. “ಆಗಲಿ. ಇವತ್ತು ಫಕೀರವ್ವ ಒಳಗ ಕಾಲಿಡೂದು ಬ್ಯಾಡ. ಹಿಮ ಕರಗಿದ ಮ್ಯಾಲ ನೀವ ಒಳಗ ಹೋಗ್ರಿ. ಆ ಹಾರದ ಸುದ್ದಿ ಅಲ್ಲೇ ಮತ್ತೊಮ್ಮೆ ಆಗಲಿ. ನಾಳೆ ಬಿತ್ತೋ, ನಿಮ್ಮದು. ಬೀಳಲಿಲ್ಲೋ, ಆಕಿದು. ಒಪ್ಪಿಗ್ಯಾ?”

“ಒಪ್ಪಿಗಿರಿ” ಎಂದೆ. ಗೆಲ್ಲುವುದು ಖಂಡಿತ ಎಂದುಕೊಂಡೆ. ನಾಚುವುದರಲ್ಲಿ ನನ್ನನ್ನು ಮೀರಿಸುವವರು ಊರಿನಲ್ಲಿ ಯಾರಿದ್ದರು? ಫಕೀರವ್ವ ಸೌಟಿನ ಸಮೇತ ಮನೆಗೆ ಹೋದಳು.

ಮಧ್ಯಾಹ್ನ ಅಡುಗೆಕೋಣೆ ತುಂಬಿತು. ಸುದ್ದಿ ಕೇಳಿ ಓಡಿಬಂದ ಮಕ್ಕಳು, ಮಾಸ್ತರರು, ಗೇಟಿನ ಹೆಂಗಸರು. ದೊಡ್ಡಮನಿ ಸರ್ ಬಾಡಿದ ಹಾರವನ್ನೇ ಫಿಲ್ಟರಿನಿಂದ ಬಿಚ್ಚಿ ಕೈಯಲ್ಲಿ ಹಿಡಿದರು. “ಈ ವರ್ಷ ನಮ್ಮ ಶಾಲೆಗೆ ಹೊಸದಾಗಿ ಬಂದು...” ಎಂದು ಮತ್ತೆ ಎಳೆದರು. ಸಾವಂತ್ರಿ ನನ್ನ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು, “ಹೋಗ್ರಿ ಅಕ್ಕೋರ” ಎಂದಳು. ನಡೆದೆ. ಕುತ್ತಿಗೆ ಬಗ್ಗಿಸಿದೆ. ಹಾರ ಪಕ್ಕದಿಂದ ಹಾದುಹೋಗುವುದನ್ನು ಕಾಯುತ್ತ ಕಣ್ಣು ಮುಚ್ಚಿದೆ.

ಹಾರ ನನ್ನ ಕೊರಳಿಗೆ ಬಿತ್ತು. ಅದು ದೊಡ್ಡಮನಿ ಸರ್ ಮಾಡಿದ ತಮಾಷೆ. “ಈ ಸಲ ತಂಗಿಗೆ ಬ್ಯಾಡ, ಅಕ್ಕಗ ಇರಲಿ” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದವು. ಸಾವಂತ್ರಿಯ ತಂಗಿ ಓಡಿ ಬಂದು ಫಿಲ್ಟರನ್ನು ತಬ್ಬಿಕೊಂಡು, “ಇಕಿಗೆ ಸಿಟ್ಟು ಬಂದೈತಿ” ಎಂದಳು. ನಾನು ನಕ್ಕುಬಿಟ್ಟೆ. ಹಲ್ಲು ಬಿಡುವ ನಗೆಯಲ್ಲ, ಹೊಟ್ಟೆಯಿಂದ ಬಂದದ್ದು. ಅಷ್ಟು ಜನರ ನಡುವೆ ನಾನು ಹಾಗೆ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣೀರು ಬಂತು. ನನಗೆ ಆ ಹಾರದ ಸಂಗತಿ ನಿಜವಾಗಿಯೂ ತಮಾಷೆಯಾಗಿ ಕಂಡಿತು.

“ಅಕ್ಕೋರ, ನಿಮ್ಮ ಕಿವಿ!” ಎಂದಳು ಸಾವಂತ್ರಿ. “ತಣ್ಣಗದಾವ.” ಅವಳು ಮುಟ್ಟಿ ನೋಡಿದ್ದಳು.

ಸಂಜೆ ಹಲಗೆಯ ಮೇಲೆ ‘ಹದಿನಾರಾಣೆ, ನೀಲಾಂಬಿಕಾ’ ಎಂದು ಹೆಸರು ಸಮೇತ ಬರೆದೆ. ಬರೆದರೆ ಬಿದ್ದೀತು ಎಂಬ ಆಸೆ. ಮನೆಗೆ ಬಂದು ಆ ‘ಎರಡೂವರಿ’ಯನ್ನು ನೆನೆದೆ, ಕಾಲೇಜಿನಲ್ಲಿ ತಪ್ಪು ತರಗತಿಯಲ್ಲಿ ಇಡೀ ಪಾಠ ಕೂತದ್ದನ್ನು ನೆನೆದೆ. ಯಾವುದೂ ಕಿವಿಯವರೆಗೆ ಏರಲಿಲ್ಲ.

ಬೆಳಿಗ್ಗೆ ಅಡುಗೆಕೋಣೆಯ ತಗಡು ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ಒಂದು ಹಳಕೂ ಇರಲಿಲ್ಲ.

ಅದನ್ನು ನೋಡಿದ ಕೂಡಲೇ ನನಗೆ ಆದದ್ದು ಸಂತೋಷ. ಇದನ್ನು ತಿರುಚಿ ಬರೆಯಲಾರೆ. ಎಷ್ಟೋ ವರ್ಷದ ಹೊರೆ ಇಳಿದ ಹಾಗೆ, ಎಲ್ಲರ ಹಾಗೆ ನಾನೂ ಒಬ್ಬಳಾದ ಹಾಗೆ, ಎದೆ ಹಗುರಾಗಿ ಗೇಟಿನ ಸರಳು ಹಿಡಿದು ನಿಂತಿದ್ದೆ. ಫಕೀರವ್ವನ ನೆನಪು ಬಂದದ್ದು ಆಮೇಲೆ. ನೆನಪು ತಂದುಕೊಟ್ಟವರೂ ಹೆಡ್‌ಮಾಸ್ತರೇ. “ಮುಗೀತು ಬಿಡ್ರಿ ಅಕ್ಕೋರ. ಆಕಿ ಬರಲಿಲ್ಲ, ಹಿಮಾನೂ ಬರಲಿಲ್ಲ. ನೀವು ಮಾಡೂದಷ್ಟು ಮಾಡಿದ್ರಿ” ಎಂದರು. ಆಗ ನನ್ನೊಳಗೆ ಏನಾಯಿತೋ ಅದಕ್ಕೆ ಹಾರದ ನಾಚಿಕೆಯನ್ನು ಹೋಲಿಸುವಂತಿರಲಿಲ್ಲ. ಹಾರದ್ದು ಕಿವಿಯಲ್ಲಿ ಸುಡುತ್ತಿತ್ತು. ಇದಕ್ಕೆ ಸುಡಲು ಕಿವಿ ಸಾಲುತ್ತಿರಲಿಲ್ಲ. ಆದರೆ ನಾವು ನಿಂತದ್ದು ಅಂಗಳದಲ್ಲಿ. ಅಲ್ಲಿ ಯಾವುದೂ ಎಲ್ಲೂ ಬೀಳುವಂತಿರಲಿಲ್ಲ.

ಶಾಲೆ ನಡೆಯಿತು. ಸಾವಂತ್ರಿಯ ತಾಯಿ ಒಲೆ ಹಚ್ಚಿದಳು. ಊಟಕ್ಕೆ ಕೂತಾಗ ಅವಳು ಸಂಕೋಚದಿಂದ, “ಒಗ್ಗರಣಿಗೆ ಎಣ್ಣಿ ಸಾಲಲಿಲ್ರಿ, ಸಾರು ಸಪ್ಪಗಾಗೇತಿ” ಎಂದಳು.

“ಎಣ್ಣಿ ಡಬ್ಬಿ ನಮ್ಮ ಮನ್ಯಾಗ ಐತೆಲ್ಲ” ಎಂದರು ದೊಡ್ಡಮನಿ ಸರ್, ಅನ್ನ ಕಲಸುತ್ತ. “ನಮ್ಮ ಮನಿ ತಂಗೀದು ಸೀಮಂತ ಇತ್ತು, ಒಯ್ದಿದ್ನಿ. ಮುಂದಿನ ಸರತಿ ಎಣ್ಣಿ ಬಂದಾಗ ಹೊಂದಿಸಿದ್ರಾತು.”

ನಾನು ಅವರ ಕಿವಿ ನೋಡಿದೆ. ಸುಣ್ಣ ಬಳಿದ ಗೋಡೆಯ ಹಾಗಿದ್ದವು. ಕೆಂಪಾಗಿದ್ದದ್ದು ವಿರೂಪಣ್ಣ ಸರ್ ಕಿವಿ. ತುತ್ತು ತಟ್ಟೆಯಲ್ಲೇ ಉಳಿಯಿತು.

“ಮೊನ್ನೆ ಯಾಕ ಹೇಳಲಿಲ್ರಿ ದೊಡ್ಡಮನಿಯವ್ರ?”

“ನನ್ನ ಯಾರ ಕೇಳಿದ್ರಿ ಸರ್?” ಎಂದರು ಅವರು. ಅವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತ್ತು. ಲೋಟ ತುಂಬಿಸಿಕೊಳ್ಳಲು ಫಿಲ್ಟರಿನತ್ತ ಹೋದರು.

ನಿಜ. ಯಾರೂ ಕೇಳಿರಲಿಲ್ಲ. ಹಿಮ ಬಿದ್ದಲ್ಲಿ ಮಾತ್ರ ನಾವು ಕೇಳಿದ್ದೆವು.

ಹೆಡ್‌ಮಾಸ್ತರು ಕೈತೊಳೆದುಕೊಂಡು ನನ್ನನ್ನು ಕರೆದರು. ಅಂಗಳಕ್ಕಲ್ಲ, ಅಲ್ಲೇ ಒಲೆಯ ಹತ್ತಿರ. “ನಾಳೆ ಹದಿನಾರಾಣೆ ಅಂತ ಬರೀರಿ. ನನ್ನ ಹೆಸರೂ ಹಾಕ್ರಿ. ಮತ್ತ... ನೀವ ಹೋಗಿ ಆಕಿನ್ನ ಕರಕೊಂಡ ಬರ್ರಿ ಅಕ್ಕೋರ. ನನಗ ಕಾಲ ಬರವಲ್ವು.”

ಫಕೀರವ್ವನ ಮನೆ ಕುಂಬಾರ ಓಣಿಯ ಕೊನೆಯಲ್ಲಿತ್ತು. ತಗ್ಗಿನ ಮಾಡು, ಕೈಯೆತ್ತಿದರೆ ಹೆಂಚು ಸಿಗುತ್ತಿತ್ತು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು. ನಾನು ಓಣಿಯಲ್ಲೇ ನಿಂತು, “ಫಕೀರವ್ವಾರ” ಎಂದೆ.

“ಯಾರು? ಒಳಗ ಬಾ.”

“ನಾನ್ರಿ, ಸಾಲಿದು. ಎಣ್ಣಿ ಡಬ್ಬಿ ಸಿಕ್ಕಿತ್ರಿ. ದೊಡ್ಡಮನಿ ಸರ್ ಒಯ್ದಿದ್ರಂತ. ಹೆಡ್‌ಮಾಸ್ತರು ನಿಮ್ಮನ್ನ ಕರದಾರ.”

ಸದ್ದು ನಿಂತಿತು. ಆಚೀಚೆ ಮನೆಯ ಹೆಂಗಸರು ಹೊಸ್ತಿಲಿಗೆ ಬಂದರು. “ಒಳಗ ಬಾ ಅಂದೆ” ಎಂದಳು ಫಕೀರವ್ವ.

“ಇಲ್ಲೇ ಇರತೇನ್ರಿ.”

“ಯಾಕ? ನಮ್ಮ ಮನಿ ಒಳಗ ಬರಾಕ ನಿನ್ನ ಕಾಲಿಗೆ ಏನಾಗೇತಿ? ಕಳ್ಳೀ ಮನಿ ಅಂತನಾ, ಇಲ್ಲಾ ಮತ್ತೇನರ ಐತಿ?”

“ಹಂಗಲ್ರಿ.” ನಾನು ಬಾಗಿಲ ಚೌಕಟ್ಟು ಹಿಡಿದೆ. “ನಾ ಒಳಗ ಬಂದ್ರ ನಾಳೆ ನಿಮ್ಮ ಮಾಡಿನ ಮ್ಯಾಲ ಬೀಳತೈತ್ರಿ. ಭಾಳ ಬೀಳತೈತಿ. ಮತ್ತ ನಿಮ್ಮನ್ನ ಅಂತಾರ.”

ಒಳಗಿನಿಂದ ತವೆಯ ಮೇಲೆ ರೊಟ್ಟಿ ಹಾಕಿದ ಸದ್ದು ಬಂತು. “ಅನ್ನೂದು ಅಂದ ಮುಗಿಸ್ಯಾರ. ಅವತ್ತು ಮಾಸ್ತರಗ ಹೇಳಿದ್ನ ನಿನಗೂ ಹೇಳತೇನಿ. ಹೇಳೂದಿದ್ರ ಸೂರಿನ ಕೆಳಗ ಬಂದು ಹೇಳು. ಓಣ್ಯಾಗ ನಿಂತು ಹೇಳಿದ್ದು ನನಗ ಕೇಳಸೂದಿಲ್ಲ.”

ತಲೆಬಗ್ಗಿಸಿ ಒಳಗೆ ಹೋದೆ. ಒಲೆಯ ಪಕ್ಕ ಕೂತೆ. ಅವಳು ನನ್ನತ್ತ ನೋಡಲಿಲ್ಲ, ಹಿಟ್ಟಿನ ಮೇಲೆಯೇ ಕಣ್ಣಿಟ್ಟು ತಟ್ಟುತ್ತಿದ್ದಳು. ಮೊದಲ ದಿನದಿಂದಲೂ ಹಿಮ ನನ್ನದೆಂದು ಗೊತ್ತಿತ್ತು ಎಂದೆ. ಒಲೆಯ ಮುಂದೆ ಅವಳನ್ನು ಕೇಳಿದಾಗ ಬಾಯಿ ಬಿಡಲಿಲ್ಲ ಎಂದೆ. ಹದಿನಾರಾಣೆ ಬರೆದು ಓಡಿಹೋದೆ ಎಂದೆ. ಅಷ್ಟು ಹೇಳಿ, ಉಳಿದದ್ದೊಂದನ್ನು ಬಿಟ್ಟು, ಒಲೆಗೆ ಒಂದು ಕಟ್ಟಿಗೆ ದೂಡಿದೆ.

“ಮತ್ತ?” ಎಂದಳು.

“ನಿನ್ನೆ ಎಲ್ಲಾರೂ ನಕ್ಕಾಗ ನನಗೂ ನಗಿ ಬಂತ್ರಿ. ಇವತ್ತು ಮುಂಜಾನಿ ತಗಡು ಬರೇ ಇದ್ದದ್ದು ನೋಡಿ... ಮೊದಲ ಖುಷಿ ಆತ್ರಿ. ನಿಮ್ಮ ನೆನಪು ಆಮ್ಯಾಲ ಬಂತು.”

ತಟ್ಟುತ್ತಿದ್ದ ಕೈ ನಿಂತಿತು. ಅವಳು ಮೊದಲ ಸಲ ನನ್ನ ಮುಖ ನೋಡಿದಳು, ಆಮೇಲೆ ಕಿವಿ ನೋಡಿದಳು. ರೊಟ್ಟಿ ತಿರುವಿ ಹಾಕಿ, ಬೆಂದದ್ದನ್ನು ಪುಂಡಿಪಲ್ಲೆಯ ಜೊತೆ ತಟ್ಟೆಯಲ್ಲಿ ನನ್ನ ಮುಂದೆ ಸರಿಸಿದಳು. “ತಿನ್ನು” ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಪೂರ್ತಿ ತಿಂದೆ. ಏಳುವಾಗ, “ಬರತೀರೇನ್ರಿ ಸಾಲಿಗೆ?” ಎಂದು ಕೇಳಿದೆ. ಅವಳು ಮುಂದಿನ ರೊಟ್ಟಿಗೆ ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು.

ಮರುದಿನ ಶಾಲೆ ಇರಲಿಲ್ಲ, ಅಡುಗೆಕೋಣೆಯ ಮೇಲೆ ಹೆಡ್‌ಮಾಸ್ತರ ಹಿಮ ಬಿದ್ದಿತ್ತು. ನಾನು ಅತ್ತ ಹೋಗಲೂ ಇಲ್ಲ, ನೇರವಾಗಿ ಕುಂಬಾರ ಓಣಿಗೆ ಬಂದೆ. ಫಕೀರವ್ವನ ಮನೆ ಹಿಮದ ಗುಡ್ಡೆಯಾಗಿ ನಿಂತಿತ್ತು. ಅಷ್ಟು ಹಿಮವನ್ನು ನಾನು ಯಾರ ಮನೆಯ ಮೇಲೂ ಕಂಡಿರಲಿಲ್ಲ. ಓಣಿಯೇ ಸೇರಿತ್ತು. ಬಾಯಿಗೆ ಸೆರಗು ಹಚ್ಚಿಕೊಂಡ ಒಬ್ಬಳು, “ಏನ ಇದು ಫಕೀರವ್ವ? ಕಡೀಕೂ ನಿನ್ನದ ಹೊರಗ ಬಿತ್ತೇನು?” ಎಂದಳು.

ಫಕೀರವ್ವ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಳು. “ನಂದಲ್ಲ” ಎಂದಳು. “ನಿನ್ನೆ ಅಕ್ಕೋರು ಬಂದಿದ್ರು. ಬಿಟ್ಟು ಹೋಗ್ಯಾರ.”

ಓಣಿಯ ಮುಖಗಳೆಲ್ಲ ನನ್ನತ್ತ ತಿರುಗಿದವು. ಸೆರಗು ಕಿವಿಯ ಮೇಲಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ. “ಹೌದ್ರಿ” ಎಂದೆ. “ನಂದು.” ಯಾರೂ ನಗಲಿಲ್ಲ. ಈ ಸಲ ನಂಬಿದರು.

ಫಕೀರವ್ವ ತಂಬಿಗೆ ಕೆಳಗಿಟ್ಟಳು. “ನಾ ಬರತೇನಿ ಸಾಲಿಗೆ” ಎಂದಳು. “ಇದು ಕರಗಿದ ಮ್ಯಾಲ.”

ಯಾವಾಗ ಕರಗೀತು ಎಂದು ನಾನು ಅಂದಾಜು ಮಾಡಲಿಲ್ಲ. ಮನೆಗೂ ಹೋಗಲಿಲ್ಲ. ಬಿಸಿಲೇರಿತು, ಮಾಡಿನ ಅಂಚಿನಿಂದ ಒಂದೊಂದೇ ಹನಿ ಬೀಳತೊಡಗಿತು. ಕೊಡ ಹೊತ್ತು ಹೋಗುವವರು, ಸಂತೆಗೆ ಹೊರಟವರು, ರಜೆ ಸಿಕ್ಕ ಮಕ್ಕಳು ಒಬ್ಬೊಬ್ಬರೇ ನಿಂತು, “ಯಾಕ್ರಿ ಅಕ್ಕೋರ, ಇಲ್ಲಿ ನಿಂತೀರಿ?” ಎಂದು ಕೇಳಿದರು. ಕೇಳಿದವರಿಗೆಲ್ಲ ಮೊದಲಿನಿಂದ ಹೇಳಿದೆ.